ಗ್ರಾಫಿಕ್ಸ್ ಕಾರ್ಡ್ ಒಂದೇ, ಮೆಮೊರಿ ಸ್ಪೀಡ್ ಮಾತ್ರ ಐದು. ಯಾವುದನ್ನು ನಂಬಲಿ?

ಮಿಣುಕುಹುಳ:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಯಾರಾದರೂ ಬಿಡಿಸಿ ಹೇಳಿ.

ನನ್ನ ಹತ್ತಿರ ಇರುವುದು ಜಿಟಿಎಕ್ಸ್ 1060, 6 ಜಿಬಿ. ಸೆಕೆಂಡ್ ಹ್ಯಾಂಡ್. ಡಬ್ಬಿಯೂ ಇಲ್ಲ, ಕಾಗದವೂ ಇಲ್ಲ. ಇದರ ಮೆಮೊರಿ ಎಷ್ಟು ಸ್ಪೀಡಿನದು ಅಂತ ಸುಮ್ನೆ ನೋಡಲು ಹೋದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ 2666 ಎನ್ನುತ್ತದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಪ್ರೋಗ್ರಾಂ 2002 ಎನ್ನುತ್ತದೆ. ಕಾರ್ಡಿನ ವೇಗ ನೋಡಲು, ಬದಲಿಸಲು ಇರುವ ಆಫ್ಟರ್‌ಬರ್ನರ್ ತೆರೆದರೆ 405. ಗೇಮ್ ಹಾಕಿ ಅದರಲ್ಲೇ ನೋಡಿದರೆ 4004. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ 8.01 ಎನ್ನುತ್ತದೆ.

ಕಾರ್ಡ್ ಒಂದೇ. ಅಂಕಿ ಐದು. ಯಾವುದು ನಿಜ? ಅಥವಾ ನನ್ನ ಕಾರ್ಡೇ ನಕಲಿಯಾ?

ನಿದ್ದೆಗೆಟ್ಟವ:

2002 ನಿಜ. ಉಳಿದದ್ದೆಲ್ಲ ಮಾರ್ಕೆಟಿಂಗ್. ದೊಡ್ಡ ಅಂಕಿ ಹಾಕಿದರೆ ಜನ ಬಾಯಿ ಬಿಟ್ಟು ನೋಡುತ್ತಾರೆ ಅಂತ ನಾಲ್ಕರಿಂದ ಗುಣಿಸಿ ಬರೆಯುತ್ತಾರೆ, ಅಷ್ಟೇ.

ಅರ್ಧಗಿಗಾ:

ಇಲ್ಲ, ಅಷ್ಟೇ ಅಲ್ಲ. ಆ ನಾಲ್ಕರ ಗುಣಾಕಾರಕ್ಕೆ ಕಾರಣ ಇದೆ. ಅದಕ್ಕೂ ಮುಂಚೆ ಸಂಬಂಧವೇ ಇಲ್ಲದ ಅಂಕಿಯನ್ನು ತೆಗೆದು ಆಚೆ ಇಡೋಣ.

2666 ನಿಮ್ಮ ಗ್ರಾಫಿಕ್ಸ್ ಕಾರ್ಡಿನದ್ದಲ್ಲ. ಅದು ಮದರ್‌ಬೋರ್ಡ್ ಮೇಲೆ ಇರುವ ರ‍್ಯಾಮ್‌ನ ಸ್ಪೀಡ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿದರೆ ಬರುವುದು ಅದೇ. ಕೆಳಗೆ ಜಿಪಿಯು ಅಂತ ಬೇರೆ ಪುಟ ಇದೆ. ಅಲ್ಲಿ ಎಷ್ಟು ಜಿಬಿ ಬಳಕೆಯಾಗಿದೆ ಅಂತ ಕಾಣುತ್ತದೆ, ಸ್ಪೀಡ್ ಕಾಣುವುದಿಲ್ಲ. ಡಿಎಕ್ಸ್‌ಡಯಾಗ್ ಕೂಡ ಹಾಗೇ. ಗಾತ್ರ ಹೇಳುತ್ತದೆ, ಸ್ಪೀಡ್ ಹೇಳುವುದಿಲ್ಲ. ಈ ತಪ್ಪು ಎಲ್ಲರೂ ಒಮ್ಮೆ ಮಾಡಿರುತ್ತಾರೆ, ಬೇಜಾರು ಬೇಡ.

405 ಅಂದರೆ ಕಾರ್ಡ್ ತೂಕಡಿಸುತ್ತಿದೆ ಅಂತ. ಕೆಲಸ ಇಲ್ಲದಾಗ ಕರೆಂಟ್ ಉಳಿಸಲು ಮೆಮೊರಿ ಕ್ಲಾಕ್, ಅಂದರೆ ಅದರ ಮಿಡಿತದ ವೇಗ, ಇಳಿಯುತ್ತದೆ. ಗೇಮ್ ಶುರುವಾದ ಕೂಡಲೇ ಮೇಲೆ ಏರುತ್ತದೆ.

ಉಳಿದದ್ದು 2002, 4004, 8.01. ಈ ಮೂರೂ ನಿಜ. ಮೂರೂ ಒಂದೇ.

ಮಿಣುಕುಹುಳ:

ಮೂರೂ ನಿಜ, ಮೂರೂ ಒಂದೇ. ಇದು ಒಗಟಾಯಿತು ಸರ್ 😅

ಅರ್ಧಗಿಗಾ:

ಸಂಗೀತ ಪಾಠಕ್ಕೆ ಯಾವತ್ತಾದರೂ ಹೋಗಿದ್ದೀರಾ? ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಾರೆ. ಕೈ ಹಾಕುವ ತಾಳ ಬದಲಾಗುವುದಿಲ್ಲ. ಮೊದಲ ಕಾಲದಲ್ಲಿ ಒಂದು ಏಟಿಗೆ ಒಂದು ಸ್ವರ. ಎರಡನೇ ಕಾಲದಲ್ಲಿ ಎರಡು. ಮೂರನೇ ಕಾಲದಲ್ಲಿ ನಾಲ್ಕು. ನಿಮ್ಮ ಕಾರ್ಡಿನಲ್ಲಿರುವುದು ಜಿಡಿಡಿಆರ್5 ಮೆಮೊರಿ. ಅದರ ಒಳಗೆ ಸರಿಯಾಗಿ ಇದೇ ನಡೆಯುತ್ತಿದೆ.

ಯಾವ ವಿಳಾಸದಿಂದ ಓದಬೇಕು, ಎಲ್ಲಿ ಬರೆಯಬೇಕು ಎಂಬ ಆಜ್ಞೆಗಳು ಹೋಗುವ ಕ್ಲಾಕ್ 2002 ಮೆಗಾಹರ್ಟ್ಸ್. ಜಿಪಿಯು-ಝಡ್ ತೋರಿಸುವುದು ಅದನ್ನು. ಡೇಟಾ ಸಾಗಿಸಲು ಬೇರೆ ಇನ್ನೊಂದು ಕ್ಲಾಕ್ ಇದೆ, ಅದು ಎರಡರಷ್ಟು ವೇಗದಲ್ಲಿ ಓಡುತ್ತದೆ. 4004. ಆಫ್ಟರ್‌ಬರ್ನರ್ ತೋರಿಸುವುದು ಅದನ್ನು. ಆ ಎರಡನೇ ಕ್ಲಾಕ್ ಏರುವಾಗ ಒಂದು ಬಿಟ್, ಇಳಿಯುವಾಗ ಇನ್ನೊಂದು ಬಿಟ್ ದಾಟುತ್ತದೆ. ಹಾಗಾಗಿ ಒಂದು ಪಿನ್‌ನಲ್ಲಿ ಸೆಕೆಂಡಿಗೆ 8008 ಮಿಲಿಯನ್ ಬಿಟ್. ಅಂದರೆ 8.01 ಗಿಗಾಬಿಟ್. ಕಂಟ್ರೋಲ್ ಪ್ಯಾನೆಲ್ ಇದನ್ನು ಹೇಳುತ್ತಿದೆ.

ನಿದ್ದೆಗೆಟ್ಟವ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. 8008 ಮೆಗಾಹರ್ಟ್ಸ್ ಎಂದು ಬರೆದರೆ ತಪ್ಪು, ಯಾಕೆಂದರೆ ಆ ವೇಗದಲ್ಲಿ ಓಡುವ ಕ್ಲಾಕ್ ಅಲ್ಲಿ ಇಲ್ಲ. ಆದರೆ ಅಷ್ಟು ಬಿಟ್‌ಗಳು ನಿಜವಾಗಿಯೂ ದಾಟುತ್ತವೆ. ಅದು ಬುರುಡೆ ಅಲ್ಲ.

ನಿದ್ದೆಗೆಟ್ಟವ:

ಸರಿ ಸರಿ, ಒಪ್ಪಿದೆ. ಹೋಲಿಕೆ ಚೆನ್ನಾಗಿದೆ.

ಆದರೆ ಒಂದು ಮಾತು. ಹೊಸ ಕಾರ್ಡ್‌ಗಳಲ್ಲಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಾಳೆ ಆಗುವುದಿಲ್ಲ. ನನ್ನದು ಆರ್‌ಟಿಎಕ್ಸ್ 3080. ಜಿಪಿಯು-ಝಡ್‌ನಲ್ಲಿ 1188 ತೋರಿಸುತ್ತದೆ. ನಾಲ್ಕರಿಂದ ಗುಣಿಸಿದರೆ 4752. ಕಂಪನಿ ಹೇಳುವುದು 19 ಗಿಗಾಬಿಟ್.

ಅರ್ಧಗಿಗಾ:

ಅದಕ್ಕೇ ಮೊದಲು ಮೆಮೊರಿ ಯಾವ ಜಾತಿಯದು ಅಂತ ನೋಡಬೇಕು. ಜಿಪಿಯು-ಝಡ್‌ನ ಮೊದಲ ಪುಟದಲ್ಲೇ ಮೆಮೊರಿ ಟೈಪ್ ಅಂತ ಇರುತ್ತದೆ, ಪಕ್ಕದಲ್ಲಿ ಚಿಪ್ ತಯಾರಿಸಿದ ಕಂಪನಿಯ ಹೆಸರೂ ಇರುತ್ತದೆ. ಅದು ಕೊಡುವ ಕ್ಲಾಕನ್ನು ಹಳೇ ಡಿಡಿಆರ್3, ಜಿಡಿಡಿಆರ್3, ಡಿಡಿಆರ್4 ಆದರೆ 2ರಿಂದ ಗುಣಿಸಿ. ಜಿಡಿಡಿಆರ್5 ಆದರೆ 4. ಜಿಡಿಡಿಆರ್5ಎಕ್ಸ್ ಮತ್ತು ಜಿಡಿಡಿಆರ್6 ಆದರೆ 8. ಜಿಡಿಡಿಆರ್6ಎಕ್ಸ್ ಮತ್ತು ಜಿಡಿಡಿಆರ್7 ಆದರೆ 16. ಎಚ್‌ಬಿಎಂ ಎಂಬ ಇನ್ನೊಂದು ಜಾತಿ ಆದರೆ ಮತ್ತೆ 2.

ನಿಮ್ಮ 3080 ಜಿಡಿಡಿಆರ್6ಎಕ್ಸ್. 1188ನ್ನು 16ರಿಂದ ಗುಣಿಸಿದರೆ 19008. ಬಂತಲ್ಲ 19? ಅದೇ ಕಾರ್ಡ್ ಆಫ್ಟರ್‌ಬರ್ನರ್‌ನಲ್ಲಿ 9501 ತೋರಿಸಬೇಕು. ಎರಡರಿಂದ ಗುಣಿಸಿದರೆ ಅಲ್ಲಿಗೂ ಅದೇ 19.

ನಿದ್ದೆಗೆಟ್ಟವ:

9501 ಹೌದು! ನಾನು ಇಷ್ಟು ದಿನ 9501 ಒಂದು ಮೆಮೊರಿ, 1188 ಇನ್ನೊಂದು ಮೆಮೊರಿ ಅಂದುಕೊಂಡಿದ್ದೆ. ನಗಬೇಡಿ.

ಹಳೇ_ಸೋಲ್ಡರ್:

ನಗುತ್ತಿದ್ದೇನೆ, ಆದರೆ ಪ್ರೀತಿಯಿಂದ.

ಈ 2, 4, 8, 16ರ ಮಗ್ಗಿ ನೆನಪಿಟ್ಟುಕೊಳ್ಳುವ ಕೆಲಸವೇ ಬೇಡ. ಜಿಪಿಯು-ಝಡ್‌ನಲ್ಲಿ ಬ್ಯಾಂಡ್‌ವಿಡ್ತ್ ಅಂತ ಒಂದು ಮನೆ ಇದೆ, ಸೆಕೆಂಡಿಗೆ ಸಾಗುವ ಒಟ್ಟು ಡೇಟಾ ಅದು. ಬಸ್ ವಿಡ್ತ್ ಅಂತ ಇನ್ನೊಂದು, ಒಂದೇ ಸಲಕ್ಕೆ ಎಷ್ಟು ಬಿಟ್ ಸಾಗಬಹುದು ಎಂಬ ದಾರಿಯ ಅಗಲ. ಬ್ಯಾಂಡ್‌ವಿಡ್ತನ್ನು 8ರಿಂದ ಗುಣಿಸಿ ಬಸ್ ವಿಡ್ತಿನಿಂದ ಭಾಗಿಸಿ. ಮಿಣುಕುಹುಳ ಅವರ ಕಾರ್ಡಿಗೆ 192.2 ಗಿಗಾಬೈಟ್ ಅಂತ ಇರುತ್ತದೆ, ಬಸ್ 192 ಬಿಟ್. ಲೆಕ್ಕ ಹಾಕಿದರೆ 8.008. ಮುಗಿಯಿತು. ಯಾವ ಜಾತಿಯ ಮೆಮೊರಿಯಾದರೂ ಇದೇ ಲೆಕ್ಕ.

ಇನ್ನು ನಕಲಿಯ ಸಂಶಯ. ಅದಕ್ಕೂ ಜಿಪಿಯು-ಝಡ್ ಸಾಕು. ಹಳೇ ಕಾರ್ಡಿನ ಬಯಾಸ್, ಅಂದರೆ ಅದರೊಳಗಿನ ಮೂಲ ಪ್ರೋಗ್ರಾಂ, ತಿದ್ದಿ ಹೊಸ ಹೆಸರು ಹಾಕಿ ಮಾರುವುದು ಜಾಸ್ತಿ ಆದಾಗ, 2018ರಲ್ಲಿ ಅದಕ್ಕೆ ಒಂದು ಗುಣ ಸೇರಿಸಿದರು. ಒಳಗಿನ ಚಿಪ್‌ಗೂ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಹೆಸರಿನ ಮುಂದೆ ಫೇಕ್ ಅಂತ ಹಾಕುತ್ತದೆ. ನಿಮ್ಮದರಲ್ಲಿ ಹಾಗೇನಾದರೂ ಕಾಣುತ್ತಿದೆಯಾ?

ಮಿಣುಕುಹುಳ:

ಇಲ್ಲ, ಹಾಗೇನೂ ಇಲ್ಲ. ಬ್ಯಾಂಡ್‌ವಿಡ್ತ್ 192.2, ಬಸ್ 192 ಬಿಟ್. ನೀವು ನೋಡದೆಯೇ ಹೇಳಿದಿರಿ!

ಹಾಗಾದರೆ ಒಂದು ಪ್ರಶ್ನೆ. ಸಾಫ್ಟ್‌ವೇರ್ ನಂಬದೆ ಕಾರ್ಡನ್ನೇ ನೋಡಿ ತಿಳಿಯಲು ಆಗುವುದಿಲ್ಲವಾ?

ಹಳೇ_ಸೋಲ್ಡರ್:

ಆಗುತ್ತದೆ. ನನಗೆ ಇಷ್ಟವಾದ ದಾರಿ ಅದೇ.

ಫ್ಯಾನ್ ಮತ್ತು ಹೀಟ್‌ಸಿಂಕ್ ಬಿಚ್ಚಿದರೆ ನಡುವೆ ದೊಡ್ಡ ಚಿಪ್, ಅದರ ಸುತ್ತ ಚಿಕ್ಕ ಕಪ್ಪು ಚೌಕಗಳು ಕಾಣುತ್ತವೆ. ಆ ಚೌಕಗಳೇ ಮೆಮೊರಿ. ಮೊದಲು ಎಣಿಸಿ. ಈ ಬಗೆಯ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಚಿಪ್ 32 ಬಿಟ್ ಅಗಲದ ದಾರಿ ಕೊಡುತ್ತದೆ. ನಿಮ್ಮದರಲ್ಲಿ ಆರು ಇರಬೇಕು. ಆರು ಮೂವತ್ತೆರಡಲಿ 192. ಬಸ್ ವಿಡ್ತ್ ಅಲ್ಲೇ ಸಿಕ್ಕಿತು.

ಆಮೇಲೆ ಚಿಪ್ ಮೇಲಿನ ಬರಹ. ಟಾರ್ಚ್ ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಸ್ಯಾಮ್‌ಸಂಗ್ ಚಿಪ್ ಆದರೆ ಸಾಲಿನ ಕೊನೆಯಲ್ಲಿ ಎಚ್‌ಸಿ25 ಅಥವಾ ಎಚ್‌ಸಿ28 ಥರ ಇರುತ್ತದೆ. 25 ಅಂದರೆ 0.25 ನ್ಯಾನೋಸೆಕೆಂಡ್. ಒಂದನ್ನು 0.25ರಿಂದ ಭಾಗಿಸಿದರೆ 4, ಅಂದರೆ ಡೇಟಾ ಕ್ಲಾಕ್ 4 ಗಿಗಾಹರ್ಟ್ಸ್. ಎರಡರಿಂದ ಗುಣಿಸಿ, 8 ಗಿಗಾಬಿಟ್. 28 ಇದ್ದರೆ 7 ಗಿಗಾಬಿಟ್‌ನ ಚಿಪ್. ಹಳೇ ಜಿಡಿಡಿಆರ್3 ಕಾಲದಲ್ಲೂ ಹೀಗೇ ಓದುತ್ತಿದ್ದೆವು. ಬಿಸಿ14 ಅಂತ ಇದ್ದರೆ 1.4 ನ್ಯಾನೋಸೆಕೆಂಡ್, ಸುಮಾರು 700 ಮೆಗಾಹರ್ಟ್ಸ್. ಆಗ ಜಿಪಿಯು-ಝಡ್‌ಗಿಂತ ಭೂತಗನ್ನಡಿ ಜಾಸ್ತಿ ಕೆಲಸಕ್ಕೆ ಬರುತ್ತಿತ್ತು.

ಮೈಕ್ರಾನ್ ಚಿಪ್ ಮೇಲೆ ಪೂರ್ತಿ ಹೆಸರು ಇರುವುದಿಲ್ಲ. ಡಿ9 ಎಂದು ಶುರುವಾಗುವ ಐದಕ್ಷರದ ಗುರುತು ಇರುತ್ತದೆ. ಆ ಐದಕ್ಷರವನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಪೂರ್ತಿ ಪಾರ್ಟ್ ನಂಬರ್ ಬರುತ್ತದೆ.

ಒಂದು ಎಚ್ಚರ. ಚಿಪ್ ಮೇಲಿರುವುದು ಅದರ ತಾಕತ್ತು, ಈಗ ಓಡುತ್ತಿರುವ ವೇಗ ಅಲ್ಲ. 8ರ ಚಿಪ್ ಹಾಕಿ 7ರಲ್ಲಿ ಓಡಿಸುವ ಕಾರ್ಡ್‌ಗಳೂ ಇರುತ್ತವೆ. ಓಡುವ ವೇಗವನ್ನು ಹೇಳುವುದು ಕಾರ್ಡಿನ ಬಯಾಸ್.

ಮಿಣುಕುಹುಳ:

ಬಿಚ್ಚಲಾ ಹಾಗಾದರೆ?

ಹಳೇ_ಸೋಲ್ಡರ್:

ಸ್ಪೀಡ್ ತಿಳಿಯಲು ಮಾತ್ರ ಆದರೆ ಬೇಡ ಮಾರಾಯರೇ. ಬಿಚ್ಚಿದರೆ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಬೇಕು. ಮೆಮೊರಿ ಮೇಲಿನ ಪ್ಯಾಡ್‌ಗಳು ಹರಿಯುತ್ತವೆ. ನಾನೇ ಒಮ್ಮೆ ದಪ್ಪ ನೋಡದೆ ತೆಳ್ಳನೆಯ ಪ್ಯಾಡ್ ಹಾಕಿದ್ದೆ. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯಿತು. ಅರ್ಧ ಗಂಟೆ ಗೇಮ್ ಆಡುವಷ್ಟರಲ್ಲಿ ಪರದೆ ತುಂಬಾ ಬಣ್ಣಬಣ್ಣದ ಚುಕ್ಕಿ. ತಪ್ಪು ನನ್ನದೇ, ಕಾರ್ಡ್ ಪಾಪ ಏನು ಮಾಡೀತು. ಪೇಸ್ಟ್ ಬದಲಿಸಲು ಹೇಗೂ ಬಿಚ್ಚುವ ದಿನ ಬರುತ್ತದಲ್ಲ, ಆವತ್ತು ಓದಿಕೊಳ್ಳಿ.

ಪೆಂಗ್ವಿನ್_ಅಕ್ಕ:

ಎಲ್ಲರೂ ವಿಂಡೋಸ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಲಿನಕ್ಸ್‌ನವರಿಗೂ ಎರಡು ಮಾತು ಸೇರಿಸುತ್ತೇನೆ.

ಎನ್‌ವಿಡಿಯಾ ಕಾರ್ಡ್ ಆದರೆ ಡ್ರೈವರ್ ಜೊತೆಗೇ ಎನ್‌ವಿಡಿಯಾ-ಎಸ್‌ಎಂಐ ಬರುತ್ತದೆ. ಟರ್ಮಿನಲ್‌ನಲ್ಲಿ ಅದರ ಮುಂದೆ ಹೈಫನ್ ಕ್ಯೂ, ಹೈಫನ್ ಡಿ, ಕ್ಲಾಕ್ ಎಂದು ಟೈಪ್ ಮಾಡಿ. ಈಗ ಓಡುತ್ತಿರುವ ಮೆಮೊರಿ ಕ್ಲಾಕ್ ಮತ್ತು ಗರಿಷ್ಠ ಕ್ಲಾಕ್ ಎರಡೂ ಬರುತ್ತವೆ. ಇದು ಆಫ್ಟರ್‌ಬರ್ನರ್ ಲೆಕ್ಕವನ್ನೇ ಹೇಳುತ್ತದೆ, ಅಂದರೆ 1060ಕ್ಕೆ ಗರಿಷ್ಠ 4004. ಎರಡರಿಂದ ಗುಣಿಸಿಕೊಳ್ಳಿ.

ಎಎಂಡಿ ಕಾರ್ಡ್ ಆದರೆ ಹೊಸ ಪ್ರೋಗ್ರಾಂ ಏನೂ ಬೇಡ. ಸಿಸ್ ಫೋಲ್ಡರಿನ ಒಳಗೆ ಡಿಆರ್‌ಎಂ ಅಡಿಯಲ್ಲಿ ನಿಮ್ಮ ಕಾರ್ಡಿನ ಡಿವೈಸ್ ಫೋಲ್ಡರ್ ಇದೆ. ಅಲ್ಲಿ ಪಿಪಿ, ಡಿಪಿಎಂ, ಎಂಕ್ಲಾಕ್ ಎಂಬ ಮೂರು ಪದ ಸೇರಿಸಿದಂಥ ಹೆಸರಿನ ಫೈಲ್ ಇರುತ್ತದೆ. ಕೊನೆಯ ಪದದಲ್ಲಿ ಕ್ಲಾಕ್ ಅನ್ನು ಸಿಎಲ್‌ಕೆ ಎಂದು ಮೊಟಕು ಮಾಡಿದ್ದಾರೆ. ತೆರೆದರೆ ಮೆಮೊರಿಯ ಮೆಟ್ಟಿಲುಗಳೆಲ್ಲ ಸಾಲಾಗಿ ಕಾಣುತ್ತವೆ. ಈಗ ಯಾವ ಮೆಟ್ಟಿಲ ಮೇಲಿದೆಯೋ ಅದರ ಪಕ್ಕ ನಕ್ಷತ್ರ ಇರುತ್ತದೆ. ಎಷ್ಟು ಚೊಕ್ಕ ಅಲ್ವಾ?

ಎಲ್‌ಎಸ್‌ಪಿಸಿಐ ಎಂಬ ಕಮಾಂಡ್ ನೋಡಿ ಮೋಸ ಹೋಗಬೇಡಿ. ಅದು ಮೆಮೊರಿ ಅಂತ 256 ಎಂಬಿ ಎಂದೇನೋ ಹೇಳುತ್ತದೆ. ಅದು ಪ್ರೊಸೆಸರ್ ಒಂದು ಸಲಕ್ಕೆ ಇಣುಕಬಹುದಾದ ಕಿಟಕಿಯ ಅಳತೆ. ಕಾರ್ಡಿನ ಮೆಮೊರಿಯ ಗಾತ್ರವೂ ಅಲ್ಲ, ವೇಗವೂ ಅಲ್ಲ.

ಮಿಣುಕುಹುಳ:

ಅಕ್ಕ, ಒಂದು ವಿಚಿತ್ರ. ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್ ಕೂಡ ಇದೆ. ಕಾರ್ಡಿನ ಮೇಲೆ ಲೆಕ್ಕ ಮಾಡಿಸುವ ಎನ್‌ವಿಡಿಯಾದ CUDA ಬಳಸುವ ಒಂದು ಲೆಕ್ಕಾಚಾರ ಓಡಿಸಿ ನೀವು ಹೇಳಿದ ಕಮಾಂಡ್ ಹಾಕಿದೆ. 4004 ಬರಲಿಲ್ಲ. 3802 ಬಂತು. ಕಾರ್ಡ್ ಸುಸ್ತಾಗಿದೆಯಾ?

ಪೆಂಗ್ವಿನ್_ಅಕ್ಕ:

ಸುಸ್ತಾಗಿಲ್ಲ 🙂 ಎನ್‌ವಿಡಿಯಾ ಕಾರ್ಡ್‌ಗಳಿಗೆ ಪಿ0, ಪಿ2, ಪಿ8 ಎಂದು ಬೇರೆ ಬೇರೆ ಸ್ಥಿತಿಗಳಿವೆ. ಗೇಮ್ ಆಡುವಾಗ ಪಿ0. ಸುಮ್ಮನಿದ್ದಾಗ ಪಿ8, ನೀವು ಕಂಡ 405 ಅದೇ. ಲೆಕ್ಕಾಚಾರದ ಕೆಲಸ ಕೊಟ್ಟರೆ ಡ್ರೈವರ್ ಪಿ2ಕ್ಕೆ ಇಳಿಸುತ್ತದೆ, ಮೆಮೊರಿ ಕ್ಲಾಕ್ ಸ್ವಲ್ಪ ಕಡಿಮೆ ಆಗುತ್ತದೆ. ಗೇಮ್‌ನಲ್ಲಿ ಒಂದು ಚುಕ್ಕಿಯ ಬಣ್ಣ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೆ ಉತ್ತರವೇ ತಪ್ಪು.

ನಿದ್ದೆಗೆಟ್ಟವ:

ಸುಮ್ಮನಿದ್ದಾಗ ಎಲ್ಲರಿಗೂ ಇಳಿಯುತ್ತದೆ ಅಂತಲೂ ಇಲ್ಲ. ನನ್ನ ಹತ್ತಿರ ಎರಡು ಮಾನಿಟರ್ ಇವೆ, ಒಂದರದ್ದು ರಿಫ್ರೆಶ್ ರೇಟ್ ಜಾಸ್ತಿ. ಎರಡೂ ಹಾಕಿದರೆ ಮೆಮೊರಿ ಕ್ಲಾಕ್ ಕೆಳಗೆ ಇಳಿಯುವುದೇ ಇಲ್ಲ. ಒಂದು ಕಿತ್ತರೆ ಇಳಿಯುತ್ತದೆ.

ಈಗ ನನ್ನ ಪೆದ್ದುತನದ ಕಥೆ ಕೇಳಿ. ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಸ್ಲೈಡರ್ ಎಳೆದೆ. 500 ಹಾಕಿದೆ, ಬೆಂಚ್‌ಮಾರ್ಕ್ ಎಂಬ ವೇಗ ಪರೀಕ್ಷೆಯ ಸ್ಕೋರ್ ಏರಿತು. 800 ಹಾಕಿದೆ, ಇನ್ನೂ ಏರಿತು. ಆಸೆ ಬಿಡಲಿಲ್ಲ, 1300 ಹಾಕಿದೆ. ಪರದೆಯಲ್ಲಿ ಒಂದು ಚುಕ್ಕಿಯೂ ಇಲ್ಲ, ಕ್ರ್ಯಾಶ್ ಇಲ್ಲ. ಕ್ಲಾಕ್ 10801 ಎಂದು ಮೆರೆಯುತ್ತಿದೆ. ಬಹಳ ಖುಷಿ. ಆದರೆ ಬೆಂಚ್‌ಮಾರ್ಕ್ ಓಡಿಸಿದರೆ ಸ್ಕೋರ್ ಮೊದಲಿಗಿಂತ ಕಡಿಮೆ! ಮೂರು ಸಲ ಓಡಿಸಿದೆ. ಮೂರು ಸಲವೂ ಕಡಿಮೆ. ಕ್ಲಾಕ್ ಏರಿದರೂ ವೇಗ ಇಳಿಯುತ್ತದೆ ಅಂದರೆ ಏನರ್ಥ?

ಅರ್ಧಗಿಗಾ:

ಇಡೀ ಚರ್ಚೆಯಲ್ಲಿ ಬಂದ ಒಳ್ಳೇ ಪ್ರಶ್ನೆ ಇದು.

ಜಿಡಿಡಿಆರ್5 ಬಂದಾಗಿನಿಂದ ಈ ಮೆಮೊರಿಗಳಲ್ಲಿ ತಪ್ಪು ಹಿಡಿಯುವ ವ್ಯವಸ್ಥೆ ಇದೆ. ಡೇಟಾ ಜೊತೆಗೆ ಒಂದು ತಾಳೆ ಅಂಕಿಯೂ ಹೋಗುತ್ತದೆ. ಆ ತುದಿಯಲ್ಲಿ ತಾಳೆ ಆಗದಿದ್ದರೆ ಅದೇ ಡೇಟಾವನ್ನು ಇನ್ನೊಮ್ಮೆ ಕಳಿಸಬಹುದು. 3080ರ ಪೀಳಿಗೆಯಲ್ಲಿ ಎನ್‌ವಿಡಿಯಾ ಈ ಮರುಕಳಿಸುವಿಕೆಯನ್ನು ಹೆಸರಿಟ್ಟೇ ಹೇಳಿಕೊಂಡಿದೆ. ಈಗ ನಿಮ್ಮ ಕಾರ್ಡ್ ನೋಡಿ. ಕ್ಲಾಕ್ ಮಿತಿ ಮೀರಿದೆ. ತಪ್ಪುಗಳು ಜಾಸ್ತಿ ಆಗಿವೆ. ಪ್ರತಿ ತಪ್ಪಿಗೂ ಅದು ಮತ್ತೆ ಕಳಿಸುತ್ತಿದೆ. ಪರದೆಯಲ್ಲಿ ಚುಕ್ಕಿ ಕಾಣುವುದಿಲ್ಲ, ಯಾಕೆಂದರೆ ತಪ್ಪು ತಿದ್ದಿ ಹೋಗುತ್ತಿದೆ. ಆದರೆ ಹೇಳಿದ್ದನ್ನೇ ಎರಡೆರಡು ಸಲ ಹೇಳುವವನು ಎಷ್ಟು ಬೇಗ ಮಾತಾಡಿದರೇನು, ಕಥೆ ಮುಂದೆ ಹೋಗುವುದಿಲ್ಲ.

ಅದಕ್ಕೇ ಓವರ್‌ಕ್ಲಾಕ್ ಮಾಡಿದ, ಅಂದರೆ ಕಂಪನಿ ಇಟ್ಟದ್ದಕ್ಕಿಂತ ಕ್ಲಾಕ್ ಏರಿಸಿದ ಮೇಲೆ ಕ್ಲಾಕ್ ಅಂಕಿಯನ್ನು ನಂಬಬಾರದು. ಸ್ಕೋರ್ ಏರುವುದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ಬಿಸಿಯನ್ನೂ ನೋಡಿ. ಎಚ್‌ಡಬ್ಲ್ಯುಇನ್ಫೋ ಎಂಬ ಪ್ರೋಗ್ರಾಂನಲ್ಲಿ ಮೆಮೊರಿ ಜಂಕ್ಷನ್, ಅಂದರೆ ಮೆಮೊರಿ ಚಿಪ್ ಒಳಗಿನ ತಾಪಮಾನ ಕಾಣುತ್ತದೆ. ಜಿಡಿಡಿಆರ್6ಎಕ್ಸ್ 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸುತ್ತದೆ.

ನಿದ್ದೆಗೆಟ್ಟವ:

800ಕ್ಕೆ ಇಳಿಸಿದೆ. ಸ್ಕೋರ್ ವಾಪಸ್ ಬಂತು. 🙏

ಹಳೇ_ಸೋಲ್ಡರ್:

ಸ್ಪೀಡ್ ಯಾಕೆ ನೋಡಬೇಕು ಎಂದು ಯಾರಾದರೂ ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇರುವುದುಂಟು. ಜಿಟಿ 1030 ನೋಡಿ. 2017ರಲ್ಲಿ ಜಿಡಿಡಿಆರ್5 ಜೊತೆ ಬಂತು, 64 ಬಿಟ್ ಬಸ್, ಸೆಕೆಂಡಿಗೆ 48 ಗಿಗಾಬೈಟ್. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಇರುವುದೂ ಬಂತು. ಅದು 16.8 ಗಿಗಾಬೈಟ್. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಜಿಪಿಯು-ಝಡ್‌ನಲ್ಲಿ ಒಂದರ ಕ್ಲಾಕ್ 1502, ಇನ್ನೊಂದರದ್ದು 1050. ಬರೀ ಕ್ಲಾಕ್ ನೋಡಿದವರಿಗೆ ವ್ಯತ್ಯಾಸ ಚಿಕ್ಕದು ಎನಿಸುತ್ತದೆ. ಒಂದನ್ನು ನಾಲ್ಕರಿಂದ, ಇನ್ನೊಂದನ್ನು ಎರಡರಿಂದ ಗುಣಿಸಬೇಕು ಎಂದು ಗೊತ್ತಿದ್ದವರಿಗೆ ಮಾತ್ರ ಗುಟ್ಟು ತಿಳಿಯುತ್ತದೆ.

ಜಿಟಿಎಕ್ಸ್ 1650 ಇದರ ಉಲ್ಟಾ. ಮೊದಲು ಜಿಡಿಡಿಆರ್5, 128 ಗಿಗಾಬೈಟ್. 2020ರಲ್ಲಿ ಜಿಡಿಡಿಆರ್6 ಬಂತು, 192 ಗಿಗಾಬೈಟ್. ಹಳೇ ಕಾರ್ಡ್ ಕೊಳ್ಳುವವರು ಹೆಸರಿನ ಮುಂದೆ ನಿಲ್ಲಬೇಡಿ. ಜಿಪಿಯು-ಝಡ್‌ನ ಚಿತ್ರ ಕೇಳಿ, ಮೆಮೊರಿ ಟೈಪ್ ಮತ್ತು ಬ್ಯಾಂಡ್‌ವಿಡ್ತ್ ಎರಡೂ ಕಾಣುವ ಹಾಗೆ.

ಅರ್ಧಗಿಗಾ:

ಒಪ್ಪುತ್ತೇನೆ, ಆದರೆ ಬೇರೆ ಬೇರೆ ಪೀಳಿಗೆಯ ಕಾರ್ಡ್‌ಗಳನ್ನು ಇದೇ ತಕ್ಕಡಿಯಲ್ಲಿ ತೂಗಬೇಡಿ. 12 ಜಿಬಿಯ ಆರ್‌ಟಿಎಕ್ಸ್ 3060ರ ಬ್ಯಾಂಡ್‌ವಿಡ್ತ್ 360. ಅದರ ನಂತರ ಬಂದ 4060ರದ್ದು ಬರೀ 272. ಆದರೂ ಹೆಚ್ಚಿನ ಗೇಮ್‌ಗಳಲ್ಲಿ 4060 ಮುಂದೆ. ಅದರ ಚಿಪ್ ಒಳಗೇ 24 ಎಂಬಿ ಕ್ಯಾಶ್ ಎಂಬ ಚಿಕ್ಕ, ಬಹು ವೇಗದ ಮೆಮೊರಿ ಇದೆ, 3060ರಲ್ಲಿ ಇದ್ದದ್ದು 3. ಬೇಕಾದ್ದು ಕೈಗೆಟುಕುವಲ್ಲೇ ಇದ್ದರೆ ಉಗ್ರಾಣಕ್ಕೆ ಓಡುವುದು ಕಡಿಮೆ.

ತೊಡೆಮೇಲಿನಪೆಟ್ಟಿಗೆ:

ಮೊದಲಿಂದ ಓದುತ್ತಿದ್ದೇನೆ, ಬಹಳ ವಿಷಯ ಸಿಕ್ಕಿತು. ನಂದು ಲ್ಯಾಪ್‌ಟಾಪ್. ಆರ್‌ಟಿಎಕ್ಸ್ 3060 ಇದೆ ಅಂತ ಸ್ಟಿಕರ್ ಹೇಳುತ್ತದೆ. ಜಿಪಿಯು-ಝಡ್ ತೆರೆದರೆ ಮೆಮೊರಿ ಟೈಪ್ ಡಿಡಿಆರ್4 ಅಂತಿದೆ! ಮೇಲೆ ಹೇಳಿದ ಹಾಗೆ ನನಗೂ ಬೇರೆ ಮೆಮೊರಿಯ ಕಾರ್ಡ್ ಸಿಕ್ಕಿತಾ?

ಪೆಂಗ್ವಿನ್_ಅಕ್ಕ:

ಗಾಬರಿ ಬೇಡ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಪ್ರೊಸೆಸರ್ ಒಳಗೇ ಇರುವುದು ಒಂದು, 3060 ಇನ್ನೊಂದು. ನೀವು ನೋಡುತ್ತಿರುವುದು ಮೊದಲನೆಯದನ್ನು. ಅದಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ, ಲ್ಯಾಪ್‌ಟಾಪಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಅದರ ಮಟ್ಟಿಗೆ ರ‍್ಯಾಮ್ ಸ್ಪೀಡೇ ಗ್ರಾಫಿಕ್ಸ್ ಮೆಮೊರಿ ಸ್ಪೀಡ್. 3200ರ ಡಿಡಿಆರ್4 ಒಂದೇ ಚಾನೆಲ್‌ನಲ್ಲಿ ಇದ್ದರೆ 25.6 ಗಿಗಾಬೈಟ್, ಎರಡು ಚಾನೆಲ್ ಆದರೆ 51.2.

ಜಿಪಿಯು-ಝಡ್ ಕಿಟಕಿಯ ಕೆಳಗೆ ಎಡಕ್ಕೆ ಕಾರ್ಡಿನ ಹೆಸರು ಇರುವ ಪಟ್ಟಿ ಇದೆ. ಅದನ್ನು ಒತ್ತಿ 3060 ಆರಿಸಿ.

ತೊಡೆಮೇಲಿನಪೆಟ್ಟಿಗೆ:

ಆರಿಸಿದೆ. ಈಗ ಜಿಡಿಡಿಆರ್6, 1750 ಬಂತು. ಜಿಡಿಡಿಆರ್6 ಅಂದರೆ 8ರಿಂದ ಅಲ್ವಾ? 14 ಗಿಗಾಬಿಟ್ ಆಯಿತು. ಆದರೆ 3060ಕ್ಕೆ 15 ಇರಬೇಕು ಅಂತ ಓದಿದ ನೆನಪು.

ಅರ್ಧಗಿಗಾ:

15 ಇರುವುದು 12 ಜಿಬಿಯ ಡೆಸ್ಕ್‌ಟಾಪ್ ಕಾರ್ಡಿಗೆ. ಲ್ಯಾಪ್‌ಟಾಪಿನ 3060ಕ್ಕೆ 14 ಮಾತ್ರ. ಬಸ್ 192 ಬಿಟ್, ಬ್ಯಾಂಡ್‌ವಿಡ್ತ್ 336 ಇದೆಯಾ ನೋಡಿ.

ತೊಡೆಮೇಲಿನಪೆಟ್ಟಿಗೆ:

336.0. ಹೌದು. ಆದರೆ ಸೆನ್ಸರ್ಸ್ ಪುಟದಲ್ಲಿ ಮೆಮೊರಿ ಕ್ಲಾಕ್ ಬಹಳ ಕೆಳಗಿದೆ. ಅದು ತೂಕಡಿಕೆ ಅಂತ ಈಗ ಗೊತ್ತು. ಎಬ್ಬಿಸುವುದು ಹೇಗೆ? ಇದರಲ್ಲಿ ಒಂದೂ ಗೇಮ್ ಇಲ್ಲ, ಆಫೀಸಿನ ಕೆಲಸಕ್ಕೆ ಇಟ್ಟುಕೊಂಡದ್ದು.

ಹಳೇ_ಸೋಲ್ಡರ್:

ಚಾರ್ಜರ್ ಹಾಕಿ. ಮೊದಲ ಪುಟದಲ್ಲಿ ಬಸ್ ಇಂಟರ್‌ಫೇಸ್ ಪಕ್ಕ ಪ್ರಶ್ನೆ ಚಿಹ್ನೆ ಇದೆ, ಒತ್ತಿ. ಚಿಕ್ಕದೊಂದು ರೆಂಡರ್ ಟೆಸ್ಟ್ ಶುರು ಮಾಡಬಹುದು. ಅದು ಓಡುತ್ತಿರುವಾಗ ಸೆನ್ಸರ್ಸ್ ನೋಡಿ.

ತೊಡೆಮೇಲಿನಪೆಟ್ಟಿಗೆ:

ಎದ್ದಿತು! 1750. ಫ್ಯಾನ್ ಕೂಡ ಎದ್ದಿತು, ಪಕ್ಕದಲ್ಲಿ ಮಲಗಿದ್ದ ಬೆಕ್ಕೂ ಎದ್ದಿತು.

ಮಿಣುಕುಹುಳ:

ಹಹ್ಹಾ. ನನ್ನ ಪ್ರಶ್ನೆಯೂ ಮುಗಿಯಿತು. 2666ನ್ನು ಹೊಡೆದು ಹಾಕಿದೆ. ಕಾರ್ಡಿನ ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದೇನೆ: ಜಿಡಿಡಿಆರ್5, 192 ಬಿಟ್, 8 ಗಿಗಾಬಿಟ್. ಮುಂದೆ ಇದನ್ನು ಕೊಳ್ಳುವವರು ಮತ್ತೆ ಇಲ್ಲಿಗೆ ಬಂದು ಇದೇ ಕೇಳಬಾರದಲ್ಲ.

ಹಳೇ_ಸೋಲ್ಡರ್:

ಚೀಟಿಯನ್ನು ಬಿಸಿಯಾಗುವ ಜಾಗದಲ್ಲಿ ಅಂಟಿಸಿಲ್ಲ ತಾನೇ?

ಮಿಣುಕುಹುಳ:

...ತೆಗೆದು ಬರುತ್ತೇನೆ ಇರಿ.